ಕೇಳುವ ಮೊದಲೇ ಕೊಡಬೇಕಾದ ಕಾಗದ

ಹುಬ್ಬಳ್ಳಿಯ ಆ ಕಿಡ್ನಿ ತಜ್ಞರು ಅಮ್ಮನ ರಕ್ತಪರೀಕ್ಷೆಯ ರಿಪೋರ್ಟನ್ನು ಎರಡು ಸಲ ನೋಡಿದರು. ಕ್ರಿಯಾಟಿನಿನ್ 2.4 ಇತ್ತು. "ಹಿಂದಿನದು ಎಷ್ಟಿತ್ರೀ?" ಎಂದು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಜವಳಿ ಅಂಗಡಿಯ ಕೈಚೀಲದಲ್ಲಿ ನಾವು ತುಂಬಿಕೊಂಡು ಬಂದದ್ದು ಆರು ವರ್ಷಗಳ ಔಷಧಿ ಚೀಟಿಗಳು, ಮೆಡಿಕಲ್ ಶಾಪಿನ ಬಿಲ್ಲುಗಳು, ಗೆರೆಗಳು ಮಾಸಿಹೋಗಿ ಬರೀ ಕಾಗದವಾಗಿ ಉಳಿದ ಒಂದು ಇಸಿಜಿ. ಅವರು ಕೇಳಿದ ಆ ಒಂದು ಸಂಖ್ಯೆ ಮಾತ್ರ ಚೀಲದಲ್ಲಿರಲಿಲ್ಲ. ಅದು ಇದ್ದದ್ದು ನಮ್ಮೂರಿನಿಂದ ನಾಲ್ಕು ತಾಸು ದೂರದ ಇನ್ನೊಂದು ಆಸ್ಪತ್ರೆಯ ಫೈಲಿನಲ್ಲಿ. ಪ್ರತಿ ಭೇಟಿಯಲ್ಲೂ ಕೌಂಟರಿನವರು ಆ ಫೈಲನ್ನು ಒಳಗೆ ಕಳಿಸುತ್ತಿದ್ದರು, ನಾವು ಹೊರಡುವಾಗ ವಾಪಸು ಇಸಿದುಕೊಳ್ಳುತ್ತಿದ್ದರು. ಅದು ನಮ್ಮದೂ ಹೌದು ಎಂದು ಆರು ವರ್ಷ ನಮಗೆ ಹೊಳೆದಿರಲಿಲ್ಲ.

ಒಂದು ಸಂಖ್ಯೆ ಇಲ್ಲದಿದ್ದರೆ ಏನಾಗುತ್ತದೆ ಎಂದು ಅವತ್ತು ಅವರೇ ತಿಳಿಸಿ ಹೇಳಿದರು. ಹೋದ ವರ್ಷವೂ ಕ್ರಿಯಾಟಿನಿನ್ 2.3ರ ಆಸುಪಾಸಿನಲ್ಲಿದ್ದರೆ ಅದು ನಿಧಾನವಾಗಿ ನಡೆಯುತ್ತಿರುವ ಹಳೆಯ ಕಾಯಿಲೆ. ಊಟ, ಬಿಪಿ, ಗುಳಿಗೆಗಳನ್ನು ನೋಡಿಕೊಂಡು ಹೋದರಾಯಿತು. ತಿಂಗಳ ಹಿಂದೆ 1.2 ಇದ್ದದ್ದು ಈಗ 2.4 ಆಗಿದ್ದರೆ ಕಿಡ್ನಿಗೆ ಈಗಷ್ಟೇ ಏನೋ ಪೆಟ್ಟಾಗಿದೆ. ಮೈಯಲ್ಲಿ ನೀರು ಕಡಿಮೆಯಾಗಿರಬಹುದು, ಮೂತ್ರದ ದಾರಿ ಕಟ್ಟಿರಬಹುದು, ಮಂಡಿನೋವಿಗೆಂದು ತಿಂದ ನೋವಿನ ಗುಳಿಗೆಯೇ ಕಾರಣವಿರಬಹುದು. ಹಾಗಿದ್ದರೆ ಇವತ್ತೇ ಅಡ್ಮಿಟ್ ಮಾಡಬೇಕು. ಸಂಖ್ಯೆ ಒಂದೇ, ಕಾಯಿಲೆ ಬೇರೆ, ದಾರಿಯೂ ಬೇರೆ. ಮೂರು ದಿನ ಬಿಟ್ಟು ಇನ್ನೊಮ್ಮೆ ರಕ್ತ ನೋಡೋಣ ಎಂದರು. ಆ ಮೂರು ದಿನ ನಾವು ಮನೆಯಲ್ಲಿ ಹೇಗೆ ಕಳೆದೆವೆಂದು ಬರೆಯುವುದಿಲ್ಲ.

ಅಮ್ಮ ಹಳೆಯ ವೈದ್ಯರನ್ನು ಬಿಟ್ಟದ್ದು ಅವರ ಮೇಲಿನ ಸಿಟ್ಟಿನಿಂದಲ್ಲ. ಮಂಡಿನೋವು ಹೆಚ್ಚಿ ನಾಲ್ಕು ತಾಸು ಬಸ್ಸಿನಲ್ಲಿ ಕೂರಲಾಗುತ್ತಿರಲಿಲ್ಲ. ಅಕ್ಕನ ಮನೆ ಹುಬ್ಬಳ್ಳಿಯಲ್ಲಿದೆ, ಅಲ್ಲಿ ಉಳಿದುಕೊಂಡು ತೋರಿಸಬಹುದು, ಅಷ್ಟೇ. ಆದರೂ ಘಟ್ಟ ಹತ್ತುವ ದಾರಿಯುದ್ದಕ್ಕೂ ಅವಳು ಹೇಳಿದ್ದು ಒಂದೇ ಮಾತು: "ಅವರ ಕೈಗುಣ ಒಳ್ಳೇದಿತ್ತು. ಹೇಳದೇ ಬಿಟ್ಟು ಬಂದ್ರೆ ಅವರಿಗೆ ಬೇಜಾರಾಗೂದಿಲ್ವಾ?"

ಈ ಮಾತನ್ನು ನಾನು ಹಗುರವಾಗಿ ನೋಡಲಾರೆ. ಕೈಗುಣ ಎನ್ನುವ ಪದದಲ್ಲಿ ನಮ್ಮ ಜನ ವೈದ್ಯರ ಮೇಲಿಟ್ಟ ನಂಬಿಕೆಯೆಲ್ಲ ಸೇರಿಕೊಂಡಿದೆ. ಮದ್ದಿನಷ್ಟೇ ಅದನ್ನು ಕೊಟ್ಟ ಕೈಯೂ ಮುಖ್ಯ ಎನ್ನುವ ನಂಬಿಕೆ ಅದು. ಆದರೆ ಇದೇ ನಂಬಿಕೆ ವೈದ್ಯರನ್ನು ಬದಲಿಸುವುದನ್ನು ದ್ರೋಹದಂತೆ ಕಾಣಿಸುತ್ತದೆ. ಜನ ಹೇಳದೆ ಹೋಗುತ್ತಾರೆ, ಫೈಲು ಕೇಳಲು ನಾಚುತ್ತಾರೆ, ಹೊಸ ವೈದ್ಯರ ಮುಂದೆ ಹಳೆಯವರ ಹೆಸರೆತ್ತಲು ಹಿಂಜರಿಯುತ್ತಾರೆ. ಹೊಸ ವೈದ್ಯರು ಮೊದಲಿನಿಂದ ಶುರುಮಾಡುತ್ತಾರೆ. ಅದೇ ಸ್ಕ್ಯಾನ್, ಅದೇ ರಕ್ತ, ಅದೇ ಪ್ರಶ್ನೆ.

ದಾಖಲೆಗಾಗಿ ಹಳೆಯ ಆಸ್ಪತ್ರೆಗೆ ಹೋದಾಗ ಎಂಆರ್‌ಡಿ ಎಂದು ಕರೆಯುವ ದಾಖಲೆ ವಿಭಾಗದ ಕಿಟಕಿಯಾಚೆ ಕೂತವರು ತಲೆಯೆತ್ತದೆ ಕೇಳಿದರು: "ಎಂತಕ್ಕೆ ನಿಮಗೆ ಅದು? ಕೇಸ್ ಹಾಕ್ಲಿಕ್ಕಾ?" ಬೇರೆ ಕಡೆ ತೋರಿಸಬೇಕು ಎಂದೆ. "ಅವರೇ ಟೆಸ್ಟ್ ಮಾಡಿಸ್ತಾರೆ ಬಿಡಿ" ಎಂದರು. ಎರಡನೆಯ ಸಲ ಹೋದಾಗ ಸಂಬಂಧಪಟ್ಟವರು ರಜೆಯಲ್ಲಿದ್ದರು. ಮೂರನೆಯ ಸಲ ಅಮ್ಮನ ಸಹಿ ಹಾಕಿಸಿದ ಅರ್ಜಿ ಒಯ್ದೆ. ಅದರಲ್ಲಿ ರೋಗಿ ಕೇಳಿದರೆ ದಾಖಲೆ ಕೊಡಬೇಕೆನ್ನುವ 2002ರ ನಿಯಮವನ್ನೂ ಅದರ 72 ಗಂಟೆಗಳ ಗಡುವನ್ನೂ ಎರಡು ಸಾಲಿನಲ್ಲಿ ಬರೆದು, ಅರ್ಜಿ ತಲುಪಿದ್ದಕ್ಕೆ ಸೀಲು ಕೇಳಿದೆ. ಸೀಲು ಎಂದೊಡನೆ ಕಿಟಕಿಯಾಚೆಯ ದನಿ ಬದಲಾಯಿತು. ಮರುದಿನ ಸಂಜೆಗೆ ನಕಲು ಕೈಗೆ ಬಂತು, ಪುಟಕ್ಕಿಷ್ಟೆಂದು ಜೆರಾಕ್ಸ್ ಹಣ ಕಟ್ಟಿಸಿಕೊಂಡರು. ಅದಕ್ಕೆ ನನ್ನ ತಕರಾರಿಲ್ಲ.

ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ವೈದ್ಯರ ನಡವಳಿಕೆಯ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ ಮೂರು ವರ್ಷ ಇಟ್ಟುಕೊಂಡಿರಬೇಕು. ರೋಗಿ ಅಥವಾ ಅವರ ಪರವಾಗಿ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಕೊಡದಿದ್ದರೆ ಅದು ದುರ್ನಡತೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ಹೊಸ ನಿಯಮಗಳನ್ನು ತಂದು ಅದೇ ತಿಂಗಳು ತಡೆಹಿಡಿಯಿತು, ಹಾಗಾಗಿ ಹಳೆಯವೇ ಮುಂದುವರಿದವು. 2002ರ ನಿಯಮಗಳಿಗೂ ಮೊದಲೇ, 1996ರಲ್ಲಿ, ರೋಗಿ ಕೇಳುವಾಗ ಗೌಪ್ಯತೆಯ ನೆಪ ಒಡ್ಡಿ ದಾಖಲೆ ತಡೆಯುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ ಹೇಳಿತ್ತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ, ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ರಾಜ್ಯಗಳಿಗೆ ಕಳಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ 17 ಹಕ್ಕುಗಳಿವೆ. ದಾಖಲೆ ಪಡೆಯುವ ಹಕ್ಕು ಅದರಲ್ಲೊಂದು, ಎರಡನೇ ವೈದ್ಯರ ಅಭಿಪ್ರಾಯ ಕೇಳುವ ಹಕ್ಕು ಇನ್ನೊಂದು. ಬೇರೆಯವರನ್ನು ಕೇಳಿದರೆಂಬ ಕಾರಣಕ್ಕೆ ಚಿಕಿತ್ಸೆಯಲ್ಲಿ ಕೊರತೆ ಮಾಡಬಾರದೆಂದೂ ಅದು ಹೇಳುತ್ತದೆ.

ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಿದೆ. ಅದರ ತಿದ್ದುಪಡಿಗೆ ವಿರೋಧವಾಗಿ 2017ರ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಹಲವರಿಗೆ ನೆನಪಿರಬಹುದು. ಆಗ ಚರ್ಚೆಯೆಲ್ಲ ದರ ನಿಗದಿ ಮತ್ತು ಜೈಲುಶಿಕ್ಷೆಯ ಸುತ್ತಲೇ ನಡೆಯಿತು. ಅದೇ ತಿದ್ದುಪಡಿಯೊಂದಿಗೆ ಬಂದ ರೋಗಿಗಳ ಸನ್ನದಿನ ಬಗ್ಗೆ ಬೀದಿಯಲ್ಲೂ ಟೀವಿಯಲ್ಲೂ ಮಾತಾಡಿದವರು ಕಡಿಮೆ. ಯಾವುದಾದರೂ ಆಸ್ಪತ್ರೆಯ ಗೋಡೆಯ ಮೇಲೆ ಅದನ್ನು ನಿಂತು ಓದುತ್ತಿರುವವರನ್ನು ನಾನಂತೂ ಕಂಡಿಲ್ಲ.

ಹಕ್ಕು ಕಾಗದದಲ್ಲಿದೆ ಎಂದಾಯಿತು. ಕಿಟಕಿಗೆ ಬರುವಾಗ ಅದು ಯಾಕೆ ಕಳೆದುಹೋಗುತ್ತದೆ? ಒಂದು ಕಾರಣ ನಿಯಮದ ಒಳಗೇ ಇದೆ. 2002ರ ನಿಯಮ ಕಟ್ಟಿಹಾಕುವುದು ವೈದ್ಯರನ್ನು. ಫೈಲು ಇರುವುದು ಎಂಆರ್‌ಡಿಯಲ್ಲಿ. ಪರಿಷತ್ತಿಗೆ ಉತ್ತರ ಕೊಡಬೇಕಾದವರು ಒಬ್ಬರು, ಬೀರುವಿನ ಬೀಗದ ಕೈ ಇರುವುದು ಇನ್ನೊಬ್ಬರ ಬಳಿ. ಮೂರು ವರ್ಷ ಕಾಪಿಡಬೇಕೆಂಬ ಮಾತೂ ಒಳರೋಗಿಗಳದ್ದಕ್ಕೆ ಮಾತ್ರ. ಬಿಪಿ, ಸಕ್ಕರೆ, ಥೈರಾಯ್ಡ್, ಕಿಡ್ನಿ ಎಂದು ವರ್ಷಗಟ್ಟಲೆ ಓಪಿಡಿಗೆ ಅಲೆಯುವವರ ಚರಿತ್ರೆಯನ್ನು ಕಾಪಿಡಬೇಕೆಂದು ಅಲ್ಲಿ ಹೇಳಿಲ್ಲ. ಜೀವನಪೂರ್ತಿ ಜೊತೆಗಿರುವ ಕಾಯಿಲೆಗಳು ಇವೇ.

ಎರಡನೆಯ ಕಾರಣ ಇನ್ನೂ ಆಳದ್ದು, ನನ್ನ ವಾದ ನಿಂತಿರುವುದೂ ಅದರ ಮೇಲೆ. ಕೇಳಿದರೆ ಕೊಡಬೇಕು ಎನ್ನುತ್ತದೆ ನಿಯಮ. ಆದರೆ ನಮ್ಮಲ್ಲಿ ಫೈಲು ಕೇಳುವುದೆಂದರೆ ಸಂಶಯಪಡುವುದು. ಕೇಳಿದ ಕ್ಷಣಕ್ಕೇ ರೋಗಿ ದೂರುದಾರನಾಗುತ್ತಾನೆ, ವೈದ್ಯರು ಆರೋಪಿಯಾಗುತ್ತಾರೆ. ಅಮ್ಮನಂಥವರು ಆ ಜಾಗದಲ್ಲಿ ನಿಲ್ಲಲು ಒಪ್ಪುವುದಿಲ್ಲ. ಹಕ್ಕಿಗಿಂತ ಮುಲಾಜು ದೊಡ್ಡದು ಅವರಿಗೆ. ಕೇಳುವವರಿಗೆ ಮಾತ್ರ ದಕ್ಕುವ ಹಕ್ಕು ಓದುಬರಹ ಬಲ್ಲ, ಸೀಲು ಕೇಳುವ ಧೈರ್ಯವಿರುವ, ಮೂರು ಸಲ ಬಸ್ಸು ಹತ್ತಲು ಬಿಡುವಿರುವ ಕೆಲವರಿಗಷ್ಟೇ ದಕ್ಕುತ್ತದೆ. ಆದ್ದರಿಂದ ದಾಖಲೆಯನ್ನು ಕೇಳಿದಾಗ ಕೊಡುವುದು ಸಾಲದು. ಕೇಳುವ ಮೊದಲೇ, ಪ್ರತಿ ಭೇಟಿಯ ಕೊನೆಗೆ, ಔಷಧಿ ಚೀಟಿಯ ಜೊತೆಗೇ ಕೊಡಬೇಕು.

ಇದು ಆಗದ ಮಾತೇನಲ್ಲ. ತಾಯಿ ಕಾರ್ಡನ್ನು ನೋಡಿ. ಬಸುರಿ ಎಂದು ತಿಳಿದ ಮೇಲೆ ಆಶಾ ಕಾರ್ಯಕರ್ತೆಯೋ ಎಎನ್‌ಎಂ ಸಿಸ್ಟರೋ ಹೆಸರು ಬರೆಸಿ ಕಾರ್ಡು ಕೈಗಿಡುತ್ತಾರೆ. ತೂಕ, ಬಿಪಿ, ಹಿಮೋಗ್ಲೋಬಿನ್, ಟಿಡಿ ಚುಚ್ಚುಮದ್ದು, ಸ್ಕ್ಯಾನಿನ ತಾರೀಖು, ಆಮೇಲೆ ಮಗುವಿನ ಲಸಿಕೆಗಳು, ಎಲ್ಲವೂ ಅದರಲ್ಲೇ. ಅದನ್ನು ಯಾರೂ ಅರ್ಜಿ ಹಾಕಿ ಪಡೆಯುವುದಿಲ್ಲ, ಯಾಕೆ ಬೇಕೆಂದು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಗಂಡನ ಮನೆಯಿಂದ ತವರಿಗೆ ಬರುತ್ತಾರೆ. ಅಂದರೆ ಬಸುರಿಯರು ನಡುದಾರಿಯಲ್ಲಿ ವೈದ್ಯರನ್ನು ಬದಲಿಸುವುದು ನಮ್ಮ ಸಂಪ್ರದಾಯದಲ್ಲೇ ಇದೆ. ತವರಿನ ಆಸ್ಪತ್ರೆಯ ಮೇಜಿನ ಮೇಲೆ ಕಾರ್ಡು ಇಟ್ಟರೆ ಅಲ್ಲಿನ ವೈದ್ಯರಿಗೆ ಆರು ತಿಂಗಳ ಕಥೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಗಂಡನ ಊರಿನ ವೈದ್ಯರಿಗೆ ಇದರಿಂದ ಅವಮಾನವಾಯಿತೆಂದು ಯಾರಿಗೂ ಅನ್ನಿಸುವುದಿಲ್ಲ. ಬಸುರಿಗೆ ಸಹಜವಾದದ್ದು ಅವಳ ಅಮ್ಮನ ಕಿಡ್ನಿಗೆ, ಅಪ್ಪನ ಹೃದಯಕ್ಕೆ ಯಾಕೆ ಸಹಜವಾಗಬಾರದು?

ಅದರಲ್ಲೂ ಈಗ ಒಬ್ಬ ಮನುಷ್ಯನ ದೇಹ ನಾಲ್ಕೈದು ಊರುಗಳಿಗೆ ಹಂಚಿಹೋಗಿರುವ ಕಾಲ. ಹಿಂದೆ ಊರಿನ ಡಾಕ್ಟರರ ನೆನಪೇ ದಾಖಲೆಯಾಗಿತ್ತು. ಅಜ್ಜನ ಸಕ್ಕರೆಯಿಂದ ಮೊಮ್ಮಗನ ಉಬ್ಬಸದವರೆಗೆ ಅವರಿಗೆ ಬಾಯಿಪಾಠ. ಇಂದು ಹೃದಯಕ್ಕೊಬ್ಬರು, ಮೂಳೆಗೊಬ್ಬರು, ಕಣ್ಣಿಗೊಬ್ಬರು. ನಮ್ಮ ಉತ್ತರ ಕನ್ನಡದಲ್ಲಂತೂ ತಜ್ಞರೆಂದರೆ ಜಿಲ್ಲೆಯ ಹೊರಗಿರುವವರು ಎಂದೇ ಅರ್ಥ. ಕಾರವಾರದವರು ಗೋವಾಕ್ಕೆ, ಶಿರಸಿ ಯಲ್ಲಾಪುರದವರು ಹುಬ್ಬಳ್ಳಿಗೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ. ದೊಡ್ಡ ಆಸ್ಪತ್ರೆ ಬೇಕೆಂದು 2019ರಲ್ಲಿ ಇಲ್ಲಿನ ಯುವಕರು ಸಾಮಾಜಿಕ ಜಾಲತಾಣದಲ್ಲಿ ಅಭಿಯಾನ ನಡೆಸಿದರು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತ ಮೇಲೆ ಆ ಕೂಗು ಮತ್ತೆ ಎದ್ದಿತು. ಹೀಗೆ ಊರೂರು ತಿರುಗುವ ರೋಗಿಯ ಸಂಗತಿ ಪೂರ್ತಿಯಾಗಿ ಯಾವ ವೈದ್ಯರಿಗೂ ತಿಳಿದಿರುವುದಿಲ್ಲ. ಎಲ್ಲ ಕೋಣೆಗಳಲ್ಲೂ ಹಾಜರಿದ್ದವಳು ಅಮ್ಮ ಒಬ್ಬಳೇ, ಅವಳ ಕೈಯಲ್ಲೇ ಕಾಗದವಿಲ್ಲ.

ಕಾಗದವಿಲ್ಲದಿದ್ದರೆ ಕಳೆದುಕೊಳ್ಳುವುದು ಬರೀ ಹಣವಲ್ಲ. ಎದೆನೋವೆಂದು ಬಂದವರ ಇಸಿಜಿಯಲ್ಲಿ ಹೃದಯದ ಎಡಭಾಗದ ವಿದ್ಯುತ್ ದಾರಿಗೆ ತಡೆಯಿರುವುದು ಕಂಡರೆ, ಅದು ಇವತ್ತಿನದೋ ಐದು ವರ್ಷ ಹಳೆಯದೋ ಎಂಬುದರ ಮೇಲೆ ಮುಂದಿನ ಒಂದು ಗಂಟೆಯ ನಿರ್ಧಾರ ನಿಂತಿರುತ್ತದೆ. ಹಳೆಯ ಇಸಿಜಿಯೊಂದೇ ಅದನ್ನು ಹೇಳಬಲ್ಲದು, ಆದರೆ ಥರ್ಮಲ್ ಕಾಗದದಲ್ಲಿ ಮುದ್ರಿಸಿದ ಇಸಿಜಿ ವರ್ಷಗಳಲ್ಲಿ ಮಾಸಿಹೋಗುತ್ತದೆ. ಕೊಟ್ಟ ದಿನವೇ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ ಎಂದು ಯಾರೂ ಹೇಳುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರಿಗೆ ಯಾವ ರಕ್ತನಾಳದಲ್ಲಿ, ಯಾವ ತಾರೀಖಿಗೆ, ಎಂಥದ್ದು ಎಂದು ತಿಳಿಯದೆ, ರಕ್ತ ಹೆಪ್ಪುಗಟ್ಟದಿರಲು ತಿನ್ನುವ ಎರಡು ಗುಳಿಗೆಗಳಲ್ಲಿ ಒಂದನ್ನು ಯಾವಾಗ ನಿಲ್ಲಿಸಬಹುದೆಂದು ಹೊಸಬರು ಹೇಳಲಾರರು. ಮೂರ್ಛೆರೋಗಕ್ಕೆ ಹಿಂದೆ ಯಾವ ಔಷಧಿ, ಎಷ್ಟು ಪ್ರಮಾಣದಲ್ಲಿ ಕೊಟ್ಟು ಫಲ ಸಿಗಲಿಲ್ಲವೆಂದು ಬರೆದಿಲ್ಲದಿದ್ದರೆ ಹೊಸ ತಜ್ಞರು ಅದನ್ನೇ ಮತ್ತೆ ಶುರುಮಾಡಬಹುದು. ಕ್ಯಾನ್ಸರಿನಲ್ಲಿ ಕಾಗದವೂ ಸಾಲುವುದಿಲ್ಲ. ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕ್ ಮತ್ತು ಅದರಿಂದ ಮಾಡಿದ ಸ್ಲೈಡುಗಳನ್ನು ತನ್ನಿ ಎಂದು ಎರಡನೆಯ ಆಸ್ಪತ್ರೆ ಕೇಳುತ್ತದೆ. ಅವು ಮೊದಲ ಲ್ಯಾಬಿನಲ್ಲೇ ಉಳಿದಿರುತ್ತವೆ ಎಂಬುದೇ ಮನೆಯವರಿಗೆ ಗೊತ್ತಿರುವುದಿಲ್ಲ.

ಫೈಲಿನ ಒಡೆಯರು ಯಾರು ಎಂಬ ಜಗಳ ನಮ್ಮ ದೇಶದ್ದಷ್ಟೇ ಅಲ್ಲ. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮಹಿಳೆಯೊಬ್ಬರು ಹಿಂದಿನ ವೈದ್ಯರು ಬರೆದುಕೊಟ್ಟ ಥೈರಾಯ್ಡ್ ಗುಳಿಗೆಗಳನ್ನು ವರ್ಷಗಟ್ಟಲೆ ತಿನ್ನುತ್ತಿದ್ದರು. ಹೊಸ ವೈದ್ಯೆ ಅವು ಬೇಡವೆಂದು ನಿಲ್ಲಿಸಲು ಹೇಳಿದರು. ಹಾಗಾದರೆ ಇಷ್ಟು ದಿನ ನನಗೆ ಕೊಟ್ಟದ್ದು ಎಂಥ ಚಿಕಿತ್ಸೆ ಎಂದು ಆಕೆಗೆ ಅನುಮಾನ ಬಂತು, ಪೂರ್ತಿ ಫೈಲು ಕೇಳಿದರು. ವೈದ್ಯೆ ತಾನು ಬರೆದದ್ದನ್ನೆಲ್ಲ ಕೊಟ್ಟರು. ಬೇರೆ ವೈದ್ಯರಿಂದ ಬಂದ ವರದಿಗಳು ಅವರವರ ಸ್ವತ್ತು, ತಾನು ಕೊಡಲಾರೆ ಎಂದರು. ಮೆಕ್‌ಇನರ್ನಿ ವಿರುದ್ಧ ಮ್ಯಾಕ್‌ಡೊನಾಲ್ಡ್ ಎಂಬ ಈ ಪ್ರಕರಣದಲ್ಲಿ 1992ರಲ್ಲಿ ಕೆನಡಾದ ಸುಪ್ರೀಂ ಕೋರ್ಟಿನ ಪರವಾಗಿ ತೀರ್ಪು ಬರೆದವರು ನ್ಯಾಯಮೂರ್ತಿ ಲಾ ಫಾರೆಸ್ಟ್. ಕಾಗದ ವೈದ್ಯರದ್ದೇ ಇರಲಿ, ಆದರೆ ಅದರಲ್ಲಿರುವ ಮಾಹಿತಿಯನ್ನು ರೋಗಿ ನಂಬಿಕೆಯಿಟ್ಟು ಒಪ್ಪಿಸಿದ್ದು; ಚಿಕಿತ್ಸೆಗೆ ಬಳಸಿದ್ದು ಯಾರು ಬರೆದದ್ದಾದರೂ ಅದನ್ನು ನೋಡುವ, ನಕಲು ಪಡೆಯುವ ಹಕ್ಕು ಆಕೆಗಿದೆ ಎಂಬುದು ಅದರ ಸಾರ. ರೋಗಿಗೆ ಅಥವಾ ಇನ್ನೊಬ್ಬರಿಗೆ ಅಪಾಯವಾಗುವಂಥ ಸಂದರ್ಭಕ್ಕೆ ವಿನಾಯಿತಿಯನ್ನೂ ಇಟ್ಟಿತು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಕಲಮೂ ಇದೇ ಹಾದಿಯದು. ದಾಖಲೆ ನೋಡುವ ಹಕ್ಕು ರೋಗಿಗಿದೆ. ಗಂಭೀರ ಹಾನಿಯಾಗುವ ಭಯವಿದ್ದರೆ ಮಾತ್ರ ಆ ಭಾಗವನ್ನು ತಡೆಹಿಡಿಯಬಹುದು. ಅಷ್ಟು ನಾಜೂಕಾದ ಕಾಯಿಲೆಗಳಲ್ಲೇ ಇದು ಸಾಧ್ಯವೆಂದು ಕಾಯ್ದೆ ಒಪ್ಪಿರುವಾಗ, ಕ್ರಿಯಾಟಿನಿನ್ನಿಗೆ ಬೀಗ ಹಾಕುವುದನ್ನು ಹೇಗೆ ಸಮರ್ಥಿಸುವುದು?

ವೈದ್ಯರ ಭಯ ಸುಳ್ಳಲ್ಲ. ಆಸ್ಪತ್ರೆಗಳ ಮೇಲೆ ಗುಂಪು ನುಗ್ಗುವುದನ್ನು ತಡೆಯಲು ನಮ್ಮ ರಾಜ್ಯ 2009ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಒಂದು ಓಪಿಡಿಯಲ್ಲಿ ದಿನಕ್ಕೆ ನೂರು ಮಂದಿಯನ್ನು ನೋಡುವವರಿಗೆ ಇನ್ನೊಂದು ಕಾಗದ ಬರೆಯಿರಿ ಎನ್ನುವುದು ಸುಲಭ, ಬರೆಯುವುದು ಕಷ್ಟ. ಅರ್ಧಂಬರ್ಧ ಓದಿ ಗಾಬರಿಯಾಗುವ ರೋಗಿಗಳಿದ್ದಾರೆ. ಇವತ್ತೊಬ್ಬರು ನಾಳೆಯೊಬ್ಬರು ಎಂದು ಅಲೆಯುತ್ತ ಯಾವ ಚಿಕಿತ್ಸೆಯನ್ನೂ ಪೂರ್ತಿ ಮಾಡದವರೂ ಇದ್ದಾರೆ. ಆದರೆ ಅಲೆಯುವವರು ಕಾಗದವಿಲ್ಲದಿದ್ದರೂ ಅಲೆಯುತ್ತಾರೆ, ಆಗ ಹಾನಿ ಹೆಚ್ಚು. ಎರಡು ಕಡೆ ಒಂದೇ ಗುಳಿಗೆ ಬೇರೆ ಬೇರೆ ಹೆಸರಿನಲ್ಲಿ ಹೊಟ್ಟೆ ಸೇರುತ್ತದೆ. ಮೊಕದ್ದಮೆಯ ಭಯಕ್ಕೆ ಉತ್ತರವೂ ಫೈಲಿನಲ್ಲೇ ಇದೆ. ಕೋರ್ಟಿನಲ್ಲಿ ಒಳ್ಳೆಯ ವೈದ್ಯರನ್ನು ಕಾಯುವುದು ಅವರು ಬರೆದಿಟ್ಟದ್ದೇ. ದಾಖಲೆ ಕೊಡದೆ ಹೋದರೆ ಅದೇ ಅವರ ವಿರುದ್ಧ ಸಾಕ್ಷಿಯಾಗುತ್ತದೆ.

ಗಾಬರಿಯ ಬಗ್ಗೆ ಊಹಿಸಬೇಕಾದದ್ದೂ ಇಲ್ಲ. ಅಮೆರಿಕದ ಬಾಸ್ಟನ್, ಪೆನ್ಸಿಲ್ವೇನಿಯ, ಸಿಯಾಟಲ್‌ಗಳಲ್ಲಿ 2010ರಿಂದ ಒಂದು ವರ್ಷ 105 ವೈದ್ಯರು ತಾವು ಬರೆದ ಟಿಪ್ಪಣಿಗಳನ್ನು ರೋಗಿಗಳೇ ಕಂಪ್ಯೂಟರಿನಲ್ಲಿ ಓದಲು ಬಿಟ್ಟರು. ಓಪನ್‌ನೋಟ್ಸ್ ಎಂದು ಅದರ ಹೆಸರು. 13 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ವರ್ಷದ ಕೊನೆಗೆ ಕೇಳಿದಾಗ ಉತ್ತರಿಸಿದ ರೋಗಿಗಳಲ್ಲಿ ಶೇಕಡಾ 99 ಮಂದಿ ಇದು ಮುಂದುವರಿಯಲಿ ಎಂದರು. ಗಾಬರಿಯಾಯಿತೆಂದವರು ತೀರಾ ಸ್ವಲ್ಪ. ವೈದ್ಯರ ಪೈಕಿ ಒಬ್ಬರೂ ನಿಲ್ಲಿಸೋಣ ಎನ್ನಲಿಲ್ಲ. ಅಲ್ಲಿನ ರೋಗಿಗಳು ಬೇರೆ, ನಮ್ಮವರು ಬೇರೆ ಎನ್ನಬಹುದು. ಇಂಗ್ಲಿಷ್ ಬಾರದ ನನ್ನ ಅಮ್ಮನಿಗೆ ಡಿಸ್ಚಾರ್ಜ್ ಸಮ್ಮರಿ ಓದಲು ಬರುವುದಿಲ್ಲ, ನಿಜ. ಅದು ಕನ್ನಡದಲ್ಲೂ ಅರ್ಧ ಪುಟ ಬರೆಯಬೇಕೆನ್ನುವುದಕ್ಕೆ ಕಾರಣವಾಗುತ್ತದೆ. ಅಲ್ಲದೆ ಅಮ್ಮನಿಗೆ ಓದಲು ಬರದಿದ್ದರೂ ಮುಂದಿನ ವೈದ್ಯರಿಗೆ ಬರುತ್ತದೆ.

ಇದೆಲ್ಲ ಡಿಜಿಟಲ್ ಆದರೆ ತಾನಾಗಿ ಸರಿಹೋಗುತ್ತದೆ ಎನ್ನುವವರಿದ್ದಾರೆ. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಬಂತು. 14 ಅಂಕಿಗಳ ಆಭಾ ಸಂಖ್ಯೆ ಮಾಡಿಸಿಕೊಂಡು, ನಮ್ಮ ಒಪ್ಪಿಗೆಯ ಮೇಲೆ ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದಕ್ಕೆ ತೋರಿಸುವ ವ್ಯವಸ್ಥೆ ಅದು. ಕಟ್ಟಿದ ರೀತಿ ಒಳ್ಳೆಯದಿದೆ, ನಾನು ಅದರ ಪರ. ಆದರೆ ಅಮ್ಮನಿಗೆ ಆಭಾ ಎಂದರೆ ಸರದಿಯ ಟೋಕನ್ ಬೇಗ ಸಿಗಲು ಮೊಮ್ಮಗ ಫೋನಿನಲ್ಲಿ ಸ್ಕ್ಯಾನ್ ಮಾಡುವ ಒಂದು ಚೌಕ. ಸಂಖ್ಯೆ ಇದೆ, ಅದರ ಒಳಗೆ ಆಸ್ಪತ್ರೆಯವರು ಏನನ್ನೂ ಹಾಕಿಲ್ಲ. ಕೊಡುವ ಮನಸ್ಸಿಲ್ಲದವರಿಗೆ ಕಂಪ್ಯೂಟರೂ ಒಂದು ಬೀರುವೇ. ಆಸ್ಪತ್ರೆಗಳ ನೋಂದಣಿ ನವೀಕರಿಸುವಾಗ ಜಿಲ್ಲಾ ಪ್ರಾಧಿಕಾರ ಇದೊಂದನ್ನು ಕೇಳಲಿ: ಹೊರರೋಗಿಗೆ ಪ್ರತಿ ಭೇಟಿಯಲ್ಲೂ ಕಾಯಿಲೆಯ ಹೆಸರು, ಆ ದಿನದ ಮುಖ್ಯ ಸಂಖ್ಯೆಗಳು, ಬದಲಿಸಿದ ಔಷಧಿ, ಬದಲಿಸಿದ ಕಾರಣ ಬರೆದ ಒಂದು ಪುಟ ಕೊಡುತ್ತೀರಾ? ಬದಲಿಸಿದ ಕಾರಣವನ್ನು ನಾನು ಒತ್ತಿ ಹೇಳುತ್ತೇನೆ. ಔಷಧಿ ಚೀಟಿಯಲ್ಲಿ ಹೊಸ ಗುಳಿಗೆಯ ಹೆಸರಿರುತ್ತದೆ, ಹಳೆಯದನ್ನು ಯಾಕೆ ಬಿಟ್ಟರೆಂದು ಎಂದೂ ಇರುವುದಿಲ್ಲ.

ಅದು ನನಗೆ ತಿಳಿದದ್ದು ಅಮ್ಮನ ಫೈಲಿನಿಂದಲೇ. ನಕಲು ಸಿಕ್ಕಾಗ ಕ್ರಿಯಾಟಿನಿನ್ ಎರಡು ವರ್ಷದಿಂದ 2.1ರಿಂದ 2.4ರ ನಡುವೆಯೇ ಇತ್ತೆಂದು ಗೊತ್ತಾಗಿ ಮನೆಮಂದಿಯೆಲ್ಲ ಉಸಿರುಬಿಟ್ಟೆವು. ಆದರೆ ಹುಬ್ಬಳ್ಳಿಯ ವೈದ್ಯರ ಕಣ್ಣು ಹೋದದ್ದು ಬೇರೊಂದು ಪುಟಕ್ಕೆ. ನಾಲ್ಕು ವರ್ಷದ ಹಿಂದಿನ ತಾರೀಖಿನಲ್ಲಿ, ಓರೆಯಾದ ಕೈಬರಹದಲ್ಲಿ ಇಷ್ಟೇ ಇತ್ತು: ಅಲೋಪ್ಯುರಿನಾಲ್ ಕೊಟ್ಟ ಮೇಲೆ ಮೈಮೇಲೆ ಗಂದೆ, ನಿಲ್ಲಿಸಿದೆ, ಮತ್ತೆ ಕೊಡಬಾರದು. ಅಮ್ಮನ ಯೂರಿಕ್ ಆಸಿಡ್ ಹೆಚ್ಚಿದೆ, ಮುಂದಿನ ಭೇಟಿಯಲ್ಲಿ ಇದೇ ಗುಳಿಗೆ ಶುರುಮಾಡೋಣ ಎಂದು ಅವರು ಹಿಂದಿನ ವಾರವಷ್ಟೇ ಹೇಳಿದ್ದರು. ಕಿಡ್ನಿ ಸೋತವರಲ್ಲಿ ಆ ಔಷಧಿಯ ಅಲರ್ಜಿ ಜೀವಕ್ಕೇ ಬರಬಹುದೆಂದು ಆಮೇಲೆ ತಿಳಿಸಿದರು. ಅಲರ್ಜಿ ಇದೆಯಾ ಎಂದು ಮೊದಲೇ ಕೇಳಿದ್ದರು, ಅಮ್ಮ ಇಲ್ಲ ಎಂದಿದ್ದಳು. ಅವಳ ನೆನಪಿನಲ್ಲಿ ಉಳಿದದ್ದು ಯಾವುದೋ ಬಿಳಿ ಗುಳಿಗೆ ತಿಂದು ಎರಡು ದಿನ ಮೈ ತುರಿಸಿತ್ತು ಎನ್ನುವುದಷ್ಟೇ.

ರೋಗಿಯ ಫೈಲು ಇನ್ನೊಬ್ಬ ವೈದ್ಯರು ಎತ್ತಿಕೊಂಡು ಮುಂದುವರಿಸುವಂತೆ ಇರಬೇಕೆಂದು ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲೇ ವಾದಿಸಿದ್ದರು. ಸಮಸ್ಯೆಗೊಂದರಂತೆ ಟಿಪ್ಪಣಿ ಬರೆಯುವ ಪದ್ಧತಿ ಹಬ್ಬಿದ್ದು ಅವರಿಂದ. ನಮ್ಮ ಹಳೆಯ ವೈದ್ಯರು ಅದನ್ನು ಓದಿದ್ದರೋ ಇಲ್ಲವೋ, ನೂರು ಮಂದಿಯ ಓಪಿಡಿಯ ನಡುವೆ ಆ ಒಂದು ಸಾಲನ್ನು ಬರೆದಿದ್ದರು. ಕಿಟಕಿಯವರು ಫೈಲು ಕೊಡದೆ ತಡೆದದ್ದು ಅಮ್ಮನ ಹಕ್ಕನ್ನಷ್ಟೇ ಅಲ್ಲ, ಆ ವೈದ್ಯರು ಪಟ್ಟ ಶ್ರಮವನ್ನೂ ಕೂಡ.

ಅಮ್ಮನ ಹಟಕ್ಕೆ ಮಣಿದು, ಹಲಸಿನ ಹಪ್ಪಳದ ಕಟ್ಟು ಹಿಡಿದು ಆ ವೈದ್ಯರಿಗೆ ಹೇಳಿಬರಲು ಹೋದೆವು. ಹುಬ್ಬಳ್ಳಿಯಲ್ಲಿ ತೋರಿಸುತ್ತಿದ್ದೇನೆ ಎಂದು ಅಮ್ಮ ನೆಲ ನೋಡುತ್ತ ಹೇಳಿದಳು. "ಒಳ್ಳೇದಾಯ್ತು, ಈ ಮಂಡಿ ಇಟ್ಕೊಂಡು ಇಷ್ಟು ದೂರ ಎಂತಕ್ಕೆ ಬರ್ತೀರಿ ಅಮ್ಮ" ಎಂದರು. ಫೈಲಿನ ನಕಲಿಗೆ ಮೂರು ಸಲ ಬಂದೆವೆಂದು ನಾನು ಹೇಳಿದಾಗ ಅವರಿಗೆ ಅದು ಗೊತ್ತೇ ಇರಲಿಲ್ಲ. ನಕಲನ್ನು ಕೈಗೆ ತೆಗೆದುಕೊಂಡು ಒಂದೊಂದೇ ಪುಟ ತಿರುವಿದರು, ಗಂದೆಯ ಸಾಲಿನ ಹತ್ತಿರ ನಿಂತರು. "ಬರೆದದ್ದು ನಾನೇ," ಎಂದರು, "ಆದರೆ ನೆನಪಿರಲಿಲ್ಲ."